ಕಾಪುವಿನ ಮರಳು, ಕರ್ಟಿಸನ ಮೊಣಕಾಲು

ಕಾರ್ಕಳ

ಮನುಷ್ಯನ ಯೋಗ್ಯತೆಯನ್ನು ಮನುಷ್ಯನೇ ಅಳೆಯಹೊರಡುವುದು ಅತ್ಯಂತ ಗಂಭೀರವಾದ, ಋಷಿಮುನಿಗಳೂ ಹಿಂಜರಿದ ಕೆಲಸ. ಅಮೆರಿಕದಲ್ಲಿ ಅದಕ್ಕೆ ಟೇಪು ಇದೆ.

ಆ ಟೇಪನ್ನು ನಾನು ಕಣ್ಣಾರೆ ಕಂಡು ಬಂದೆ. ಕಾರ್ಕಳದ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಪಿ.ಟಿ. ಮಾಸ್ಟ್ರಾಗಿದ್ದು, ಪ್ರತಿವರ್ಷ ಕಬಡ್ಡಿ ತಂಡವನ್ನು ಆರಿಸಿ, ಆರಿಸದೆ ಬಿಟ್ಟ ಹುಡುಗರ ಸೋದರಮಾವಂದಿರಿಂದ ಪೇಟೆಯ ನಡುವೆ ಬೈಸಿಕೊಂಡು, ಕೊನೆಗೆ ಒಂದು ಶಾಲು ಮತ್ತು ಒಂದು ಗೋಡೆ ಗಡಿಯಾರದೊಂದಿಗೆ ನಿವೃತ್ತನಾದ ನನಗೆ ವಿದೇಶಯಾತ್ರೆಯ ಯೋಗವಿದೆ ಎಂದು ಯಾವ ಜಾತಕದಲ್ಲೂ ಬರೆದಿರಲಿಲ್ಲ.

ಬರೆದವನು ದಿನಕರ. ದಿನಕರ ಕಾಪುವಿನವನು; ನನ್ನ ಕೈಕೆಳಗೆ ಆಡಿದ ರೈಡರುಗಳಲ್ಲಿ ಎಲ್ಲರಿಗಿಂತ ಚುರುಕಾದವನು. ಮಣಿಪಾಲದಲ್ಲಿ ಫಿಸಿಯೋಥೆರಪಿ ಓದಿ, ಅಮೆರಿಕಕ್ಕೆ ಹೋಗಿ, ಅಲ್ಲಿಯ ಒಂದು ವೃತ್ತಿಪರ ಫುಟ್‌ಬಾಲ್ ತಂಡದ ಕೀಲು, ಸ್ನಾಯು, ಮೊಣಕಾಲುಗಳ ಉಸ್ತುವಾರಿ ವಹಿಸಿಕೊಂಡಿದ್ದ. ಹೊಸ ಶತಮಾನಕ್ಕೆ ಎರಡು ವರ್ಷ ತುಂಬಿದ್ದ ಒಂದು ಫೆಬ್ರವರಿಯಲ್ಲಿ ಅವನ ಫೋನು ಬಂತು.

"ಮಾಸ್ಟ್ರೇ, ಒಂದು ಸಲ ಬಂದು ಹೋಗಿ. ಟಿಕೇಟು ನಾನು ಕಳಿಸ್ತೇನೆ. ಮೂರು ಹುಡುಗರನ್ನು ನೋಡ್ಲಿಕ್ಕೆ ಉಂಟು, ಒಬ್ಬನನ್ನು ಆರಿಸ್ಬೇಕು."

"ನನಗೆ ಆ ಆಟದ ತಲೆಬುಡ ಗೊತ್ತಿಲ್ಲ ಮಾರಾಯ. ಅಲ್ಲಿ ಬಂದು ನಾನು ಎಂತ ಮಾಡುದು?"

"ನೀವು ನೆಲ ನೋಡಿ ಮಾಸ್ಟ್ರೇ. ಅಷ್ಟು ಸಾಕು."

ಈ ನೆಲ ನೋಡುವ ವಿಚಾರವನ್ನು ಓದುಗರಿಗೆ ತಿಳಿಸಬೇಕು. ಆಯ್ಕೆಯ ದಿನ ನಾನು ಹುಡುಗರನ್ನೆಲ್ಲ ಬೆಳ್ಮಣ್ ಮಾರ್ಗದ ಬಸ್ಸಿಗೆ ತುಂಬಿಸಿ, ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ, ಕಾಪುವಿನ ದೀಪಸ್ತಂಭದ ಹತ್ತಿರ ಕಡಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಇಳಿತದ ಹೊತ್ತಿನಲ್ಲಿ ಅಲ್ಲಿಯ ಒದ್ದೆ ಮರಳು ಒರೆಸಿಟ್ಟ ಸ್ಲೇಟಿನ ಹಾಗಿರುತ್ತದೆ. ಹುಡುಗ ಓಡುತ್ತಾನೆ. ಉಳಿದ ಮಾಸ್ಟ್ರುಗಳು ಹುಡುಗನನ್ನು ನೋಡುತ್ತಾರೆ. ನಾನು ಅವನು ದಾಟಿ ಹೋದ ಮೇಲೆ ಮರಳನ್ನು ನೋಡುತ್ತೇನೆ: ಹಿಮ್ಮಡಿ ಎಷ್ಟು ಇಳಿದಿದೆ, ಬೆರಳು ಎತ್ತ ತಿರುಗಿದೆ, ಎಡಹೆಜ್ಜೆಗೂ ಬಲಹೆಜ್ಜೆಗೂ ಎಷ್ಟು ಗೇಣು. ಮುಖದಲ್ಲಿ ಧೈರ್ಯ ತೋರಿಸುವುದು ಯಾರಿಗೂ ಸಾಧ್ಯ. ಹಿಮ್ಮಡಿಯಲ್ಲಿ ತೋರಿಸುವುದು ಕಷ್ಟ. ಇದಕ್ಕಾಗಿ ಜಿಲ್ಲೆಯ ಸಹೋದ್ಯೋಗಿಗಳು ನನಗೆ 'ಹೆಜ್ಜೆ ಜೋಯಿಸರು' ಎಂಬ ಬಿರುದು ದಯಪಾಲಿಸಿದ್ದರು. ಆ ಬಿರುದಿನ ಜೊತೆ ಶಾಲು ಇರಲಿಲ್ಲ.

ನನ್ನ ಹೆಂಡತಿ ಸರೋಜಿನಿ ಸುದ್ದಿ ಕೇಳಿ ಹೇಳಿದ್ದು ಇಷ್ಟೇ: "ಬಾವಿಯ ಪಂಪು ಹಾಳಾಗಿ ಮೂರು ವಾರ ಆಯ್ತು, ಅದನ್ನು ನೋಡ್ಲಿಕ್ಕೆ ನಿಮಗೆ ಪುರುಸೊತ್ತಿಲ್ಲ. ಅಮೆರಿಕದವರ ಹಿಮ್ಮಡಿ ನೋಡ್ಲಿಕ್ಕೆ ಹೊರಟ್ರಲ್ಲ!"

ಪಂಪಿನ ವಿಷಯದಲ್ಲಿ ಆಕೆಯ ಮಾತು ಸತ್ಯವಾಗಿತ್ತು. ನಾನು ಹೊರಟೆ.

ನಾಯಿಯ ಗೌರವ

ದಿನಕರನ ತಾಯಿ ಮಗನಿಗೆಂದು ಒಣಸಿಗಡಿಯ ಚಟ್ನಿಪುಡಿಯನ್ನು ಗಾಜಿನ ಬಾಟಲಿಗೆ ತುಂಬಿ, ಬಾಟಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಪ್ಲಾಸ್ಟಿಕ್ಕನ್ನು ಹಳೆಯ ಲುಂಗಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಿದ್ದರು. "ಯಾರಿಗೂ ವಾಸನೆ ಬರುದಿಲ್ಲ ಮಾಸ್ಟ್ರೇ" ಎಂದು ಭರವಸೆ ಕೊಟ್ಟಿದ್ದರು. ಮನುಷ್ಯರ ಮಟ್ಟಿಗೆ ಅದು ನಿಜ.

ಅಮೆರಿಕದ ವಿಮಾನ ನಿಲ್ದಾಣದಲ್ಲಿ ಒಂದು ಪುಟ್ಟ ನಾಯಿ ಬಂದು ನನ್ನ ಚೀಲದ ಮುಂದೆ ಕುಳಿತುಕೊಂಡಿತು. ಬೊಗಳಲಿಲ್ಲ, ಗುರುಗುಟ್ಟಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ನನ್ನ ಮುಖವನ್ನೇ ನೋಡುತ್ತಾ ಕುಳಿತಿತು. ನಾನು ಎಡಕ್ಕೆ ಸರಿದೆ. ಅದೂ ಸರಿದು ಕುಳಿತಿತು. ಮೂವತ್ತೊಂದು ವರ್ಷದ ಸೇವೆಯಲ್ಲಿ ಯಾವ ವಿದ್ಯಾರ್ಥಿಯೂ ನನ್ನೆದುರು ಇಷ್ಟು ಶಿಸ್ತಿನಿಂದ ಕುಳಿತದ್ದಿಲ್ಲ. ಆಮೇಲೆ ಕೈಗವಸು ಹಾಕಿದ ಅಧಿಕಾರಿಯೊಬ್ಬರು ಬಂದು ಬಾಟಲಿಯನ್ನು ಇಟ್ಟುಕೊಂಡು, ಲುಂಗಿಯನ್ನು ಮಡಚಿ ಹಿಂದೆ ಕೊಟ್ಟರು. ನನ್ನ ಹಳೆಯ ಹಿತ್ತಾಳೆ ಸೀಟಿಯನ್ನು ತಿರುಗಿಸಿ ನೋಡಿ, ಇದರಿಂದ ದೇಶಕ್ಕೆ ಅಪಾಯವಿಲ್ಲವೆಂದು ಬಿಟ್ಟರು.

ಹೊರಗೆ ದಿನಕರ ಕಾಯುತ್ತಿದ್ದ. ಮೂವತ್ತೈದು ದಾಟಿದ್ದ, ಸ್ವಲ್ಪ ಹೊಟ್ಟೆ ಬಂದಿತ್ತು. ಕಾಲಿಗೆ ನಮಸ್ಕಾರ ಮಾಡಿ ಎದ್ದವನು ಮೊದಲು ಕೇಳಿದ್ದು, "ಅಮ್ಮ ಚಟ್ನಿ ಕೊಟ್ಟಿದ್ರಲ್ಲ?"

"ನಾಯಿ ಹಿಡಿಯಿತು ಮಾರಾಯ."

ಅವನು ನನ್ನ ಚೀಲವನ್ನೆತ್ತಿ, ಒಮ್ಮೆ ಮೂಸಿ ನೋಡಿ, ಕಾರಿನ ಕಡೆ ನಡೆದ.

ಒಹಾಯೊ

ಮೊದಲು ಆಟದ ಬಗ್ಗೆ ನಾಲ್ಕು ಮಾತು. ಅಮೆರಿಕದವರ ಫುಟ್‌ಬಾಲಿನಲ್ಲಿ ಚೆಂಡು ಕಾಲಿಗೆ ತಾಗುವುದು ಅಪರೂಪ. ಚೆಂಡು ದುಂಡಗೂ ಇಲ್ಲ. ಸುಲಿದ ತೆಂಗಿನಕಾಯಿಯ ಎರಡೂ ತುದಿ ಎಳೆದ ಹಾಗೆ ಇದೆ. ಅದನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬ ಓಡಬೇಕು, ಎದುರಿನ ಹನ್ನೊಂದು ಮಂದಿ ಅವನನ್ನು ಕೆಡವಬೇಕು. ಆ ಒಬ್ಬನಿಗೆ ರನ್ನಿಂಗ್ ಬ್ಯಾಕ್ ಎಂದು ಹೆಸರು. ಅಂದರೆ ಉಸಿರಾಡಲು ಅನುಮತಿ ಪಡೆದ ಕಬಡ್ಡಿ ರೈಡರ್. ದಿನಕರ ಇಷ್ಟು ವಿವರಿಸುವಷ್ಟರಲ್ಲಿ ನನಗೆ ಧೈರ್ಯ ಬಂತು.

ಕಾಲೇಜಿನಲ್ಲಿ ಆಡಿದ ಹುಡುಗರನ್ನು ವೃತ್ತಿಪರ ತಂಡಗಳು ವರ್ಷಕ್ಕೊಮ್ಮೆ, ಏಪ್ರಿಲಿನಲ್ಲಿ, ಸರದಿಯ ಪ್ರಕಾರ ಏಳು ಸುತ್ತುಗಳಲ್ಲಿ ಆರಿಸಿಕೊಳ್ಳುತ್ತವೆ. ಇದನ್ನು ಡ್ರಾಫ್ಟ್ ಎನ್ನುತ್ತಾರೆ. ಕಳೆದ ವರ್ಷ ಎಲ್ಲರಿಗಿಂತ ಕೆಳಗೆ ಬಿದ್ದ ತಂಡಕ್ಕೆ ಈ ವರ್ಷ ಮೊದಲ ಆಯ್ಕೆ. ನಮ್ಮ ತಾಲೂಕಿನಲ್ಲಿ ಈ ಕ್ರಮ ತಂದರೆ ಎಲ್ಲ ಕಾಲೇಜುಗಳೂ ಪೈಪೋಟಿಯಿಂದ ಸೋಲುತ್ತಿದ್ದವು. ಡ್ರಾಫ್ಟಿಗೆ ಮೊದಲು, ಮಾರ್ಚಿನಲ್ಲಿ, ಒಂದೊಂದು ಕಾಲೇಜಿನಲ್ಲೂ ಹುಡುಗರ ಪರೀಕ್ಷೆ. ಅದನ್ನು ನೋಡಲು ಎಲ್ಲ ತಂಡಗಳಿಂದ ಗಡಿಯಾರ ಹಿಡಿದವರು ಬರುತ್ತಾರೆ.

ದಿನಕರನ ತಂಡದಿಂದ ಬಂದವರು ವಾಲ್ಟರ್ ಎಂಬ ಹಿರಿಯರು. ನನ್ನದೇ ವಯಸ್ಸು. ಇಡೀ ದಿನ ಸೂರ್ಯಕಾಂತಿ ಬೀಜ ಜಗಿದು ಸಿಪ್ಪೆಯನ್ನು ಕಾಗದದ ಲೋಟಕ್ಕೆ ಉಗುಳುತ್ತಿದ್ದರು. ಎಲೆ ಅಡಿಕೆ ಹಾಕುವವರ ನಾಡಿನಿಂದ ಹೋದ ನನಗೆ ಅವರು ಕೂಡಲೇ ನೆಂಟರಂತೆ ಕಂಡರು. ಅವರ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ದಿನಕರ ತಿಳಿಸುತ್ತಿದ್ದ. ಇಲ್ಲಿ ಎರಡನ್ನೂ ಸೇರಿಸಿ ಬರೆದಿದ್ದೇನೆ.

ಹೊರಗೆ ಹಿಮ. ಒಳಗೆ, ನಮ್ಮ ಇಡೀ ಕಾಲೇಜನ್ನು ಮೈದಾನ ಸಮೇತ ಎತ್ತಿಡಬಹುದಾದ ಒಂದು ಕಟ್ಟಡ. ಹುಡುಗರು ಚಡ್ಡಿಯಲ್ಲಿ ಸಾಲಾಗಿ ನಿಂತರು. ತೂಕ ನೋಡಿದರು, ಎತ್ತರ ನೋಡಿದರು. ತೋಳು ಅಳೆದರು. ಅಂಗೈಯನ್ನು ಬಿಡಿಸಿ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಅಳೆದು ದೊಡ್ಡ ದನಿಯಲ್ಲಿ ಓದಿ ಹೇಳಿದರು. ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರದ ಬಗ್ಗೆ ಸುಧಾರಕರು ಬಹಳ ಬರೆದಿದ್ದಾರೆ. ಎಷ್ಟು ಕೆಟ್ಟ ಸಂಬಂಧದವರೂ ಅಂಗೈ ಅಳೆದದ್ದಿಲ್ಲ.

ಆಮೇಲೆ ನಲವತ್ತು ಗಜದ ಓಟ. ನಮ್ಮ ಮೊದಲನೆಯ ಹುಡುಗ ಬಾಣದ ಹಾಗೆ ಓಡಿದ. ಗಡಿಯಾರ ನೋಡಿದವರು ಒಬ್ಬರನ್ನೊಬ್ಬರು ನೋಡಿದರು. ನಾನು ಕೇಳಿದೆ, "ಇವನನ್ನು ಹಿಡಿಯುವವರು ಯಾವಾಗ ಬರ್ತಾರೆ?"

"ಯಾರೂ ಬರುದಿಲ್ಲ ಮಾಸ್ಟ್ರೇ. ಒಬ್ಬನೇ ಓಡುದು."

"ಹಿಡಿಯದೆ ರೈಡರನ್ನು ಆರಿಸುದಾ?"

"ಡ್ರಾಫ್ಟಿನವರೆಗೆ ಇವರನ್ನು ಯಾರೂ ಮುಟ್ಟುವ ಹಾಗಿಲ್ಲ. ಪೆಟ್ಟಾದ್ರೆ?"

ಈಜು ಬರುತ್ತದೋ ಎಂದು ನೋಡಲು ದಡದಲ್ಲಿ ನಿಲ್ಲಿಸಿ ಕೈ ಬೀಸಿಸಿದ ಹಾಗಾಯಿತು. ನಾನು ಹಾಗೆ ಹೇಳಿದೆ. ದಿನಕರ ಅದನ್ನು ವಾಲ್ಟರರಿಗೆ ಹೇಳಿದ. ಅವರು ಲೋಟಕ್ಕೆ ಉಗುಳಿ, "ಮೂವತ್ತು ವರ್ಷದಿಂದ ನಾನೂ ಅದನ್ನೇ ಹೇಳುತ್ತಿದ್ದೇನೆ" ಎಂದರು.

ಚೆಂಡು ಹಿಡಿಯುವ ಅಭ್ಯಾಸದಲ್ಲಿ ಆ ಬಾಣದ ಹುಡುಗ ಒಮ್ಮೆ ಚೆಂಡು ಕೈಬಿಟ್ಟ. ಬಿಟ್ಟವನು ಚೆಂಡನ್ನು ನೋಡಲಿಲ್ಲ. ಯಾರು ಯಾರು ಕಂಡರು ಎಂದು ಸುತ್ತ ನೋಡಿದ. ಸಿಕ್ಕಿಬಿದ್ದಾಗ ಗೆರೆಯ ಕಡೆ ನೋಡುವ ರೈಡರಿದ್ದಾನೆ, ಜನರ ಕಡೆ ನೋಡುವ ರೈಡರಿದ್ದಾನೆ. ಎರಡನೆಯವನನ್ನು ನಾನು ಆರಿಸಿದ್ದು ಒಂದೇ ಸಲ, ಅವನ ಸೋದರಮಾವ ಕಾಲೇಜಿನ ಆಡಳಿತ ಮಂಡಳಿಯಲ್ಲಿದ್ದಾಗ. ಆ ವರ್ಷ ನಾವು ಮೊದಲ ಪಂದ್ಯದಲ್ಲೇ ಮನೆಗೆ ಬಂದೆವು. ಇದನ್ನೂ ವಾಲ್ಟರರಿಗೆ ಹೇಳಿಸಿದೆ. ಅವರು ಬರೆದುಕೊಂಡರು.

ದಾರಿ

ಎರಡನೆಯ ಹುಡುಗ ಕೆಂಟಕಿಯಲ್ಲಿದ್ದ. ಎದೆ ಬಾಗಿಲಿನಷ್ಟು ಅಗಲ. ನೇರ ಓಡಿದರೆ ಗೋಡೆಯೂ ದಾರಿ ಬಿಡುತ್ತಿತ್ತು. ತಿರುಗಬೇಕಾದರೆ ಮಾತ್ರ ನಮ್ಮ ಕಾರ್ಕಳದ ಹಳೆಯ ಬಸ್ ನಿಲ್ದಾಣಕ್ಕೆ ನುಗ್ಗಿದ ಎಕ್ಸ್‌ಪ್ರೆಸ್ಸಿನ ಹಾಗೆ. ಕಂಡಕ್ಟರು ಇಳಿದು ಸೀಟಿ ಊದಿ ರಿವರ್ಸು ಹೇಳಬೇಕು. ಅವನನ್ನು ಹತ್ತು ನಿಮಿಷದಲ್ಲಿ ನೋಡಿ ಮುಗಿಸಿದೆವು.

ಅಲ್ಲಿಂದ ಎರಡು ದಿನ ಕಾರು. ಈ ದೇಶದಲ್ಲಿ ಎದುರಾದವರೆಲ್ಲ "ಹೇಗಿದ್ದೀರಿ" ಎಂದು ಕೇಳುತ್ತಾರೆ. ಹೋಟೆಲಿನಲ್ಲಿ ಒಬ್ಬರು ಕೇಳಿದಾಗ ನಾನು ನಿಂತು ಉತ್ತರ ಹೇಳಲು ಶುರುಮಾಡಿದೆ. ಸಕ್ಕರೆ ಕಾಯಿಲೆಯವರೆಗೆ ಬರುವಷ್ಟರಲ್ಲಿ ಅವರು ಲಿಫ್ಟಿನಲ್ಲಿ ನಾಲ್ಕನೆಯ ಮಹಡಿಗೆ ಹೋಗಿಯಾಗಿತ್ತು. ನಮ್ಮಲ್ಲಿ ಆರೋಗ್ಯ ಯಾರೂ ವಿಚಾರಿಸುವುದಿಲ್ಲ. ಊಟವಾಯಿತೇ ಎಂದು ಕೇಳುತ್ತಾರೆ, ಆಯಿತೆಂದರೆ ಎಂತ ಪದಾರ್ಥ ಎಂದು ಕೇಳಿ ಮುಗಿಸಿಯೇ ಹೋಗುತ್ತಾರೆ.

ವಾಲ್ಟರ್ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದಾಗ ದಿನಕರ ನನ್ನನ್ನು ಕರೆಸಿದ ನಿಜವಾದ ಕಾರಣ ಹೊರಬಿತ್ತು.

"ಮಾಸ್ಟ್ರೇ, ಪ್ರತಿಯೊಬ್ಬ ಹುಡುಗನ ಕಾಗದದ ಮೇಲೆ ನಾನು ಸಹಿ ಹಾಕ್ಬೇಕು. ಇವನ ದೇಹ ತಡೆದೀತು, ಇಲ್ಲ ತಡೆಯಲಿಕ್ಕಿಲ್ಲ. ಎರಡೇ. ಕಳೆದ ವರ್ಷ ಒಬ್ಬನ ಮೊಣಕಾಲಿಗೆ 'ತಡೆದೀತು' ಅಂತ ಬರೆದೆ. ಐದನೇ ವಾರಕ್ಕೆ ಹೋಯ್ತು."

"ಎಲ್ಲಿಗೆ ಹೋಯ್ತು?"

"ಮೊಣಕಾಲು ಹೋಯ್ತು ಮಾಸ್ಟ್ರೇ! ಈ ಸಲ ತಪ್ಪಿದ್ರೆ ನನ್ನ ಕೆಲಸ ಹೋಗ್ತದೆ. ಕೆಲಸ ಹೋದ್ರೆ ವೀಸಾ ಹೋಗ್ತದೆ."

"ಹಾಗಾದ್ರೆ ಎಲ್ಲರಿಗೂ ತಡೆಯಲಿಕ್ಕಿಲ್ಲ ಅಂತ ಬರೆ."

"ಹಾಗೇ ಬರೀತಾ ಇದ್ದೇನೆ. ಅದೇ ಮಂಡೆಬೆಚ್ಚ. ಮೂರನೆಯವನಿಗೆ, ಕರ್ಟಿಸ್ ಅಂತ, ಎಡ ಮೊಣಕಾಲಿಗೆ ಆಪರೇಷನ್ ಆಗಿದೆ. ಎಲ್ಲ ಪರೀಕ್ಷೆಯಲ್ಲೂ ಕಾಲು ಸಮ ಉಂಟು. ಆದ್ರೆ ಓಡಿಸಿದ್ರೆ ಗಡಿಯಾರ ನಿಧಾನ. ಬೇರೆ ತಂಡದವರು ಅವನ ಹೆಸರು ಹೊಡೆದು ಹಾಕಿದ್ದಾರೆ. ನಾನೂ ಇಲ್ಲ ಅಂತ ಬರೆದ್ರೆ ಆ ಹುಡುಗನಿಗೆ ಮತ್ತೆ ಆಟ ಇಲ್ಲ. ಸುಳ್ಳು ಬರೆದ ಹಾಗೆ ಆಗ್ತದಾ ಅಂತ ನನಗೆ ಗೊತ್ತಿಲ್ಲ."

ಗಡಿಯಾರದವರ ಮಾತು ನಂಬುವುದೋ ತನ್ನ ಕೈಯ ಮಾತು ನಂಬುವುದೋ ತಿಳಿಯದೆ ಶಿಷ್ಯ ಎಂಟು ಸಾವಿರ ಮೈಲು ದೂರದಿಂದ ಗುರುವನ್ನು ಕರೆಸಿದ್ದ. ಗುರುವಿಗೂ ತಿಳಿಯದು ಎಂಬುದನ್ನು ನಾನು ಸದ್ಯಕ್ಕೆ ಹೇಳಲಿಲ್ಲ. ಗಾಂಭೀರ್ಯದಿಂದ ಕಿಟಕಿಯ ಹೊರಗೆ ನೋಡಿದೆ.

ಮೂಡುಗಡಲು

ದಕ್ಷಿಣ ಕೆರೊಲಿನಾದಲ್ಲಿ ಕಡಲು ಸಿಕ್ಕಿತು. ಆದರೆ ತಪ್ಪು ದಿಕ್ಕಿನಲ್ಲಿತ್ತು. ಹುಟ್ಟಿದಂದಿನಿಂದ ಕಡಲೆಂದರೆ ಪಡುವಣ, ಸೂರ್ಯ ಮುಳುಗುವ ಜಾಗ. ಇಲ್ಲಿ ಸೂರ್ಯ ಅದರೊಳಗಿಂದ ಎದ್ದು ಬರುತ್ತಾನೆ. ಅಲ್ಲಿದ್ದ ಮೂರು ದಿನವೂ ನನಗೆ ಊಟದ ಎಲೆಯನ್ನು ತಿರುಗಿಸಿ ಹಾಕಿದ ಹಾಗೆ ಆಗುತ್ತಿತ್ತು.

ಎಲೆಯ ಮೇಲೆ ಬಿದ್ದದ್ದು ಮಾತ್ರ ಸರಿಯಾಗಿತ್ತು. ಕರ್ಟಿಸನ ತಾಯಿ ಶಾಲಾ ಬಸ್ಸಿನ ಡ್ರೈವರು. ಮನೆಯ ಮುಂದೆ ಹಳದಿ ಬಸ್ಸು ನಿಲ್ಲಿಸಿ ಒಳಗೆ ಬಂದು, ಕೈ ತೊಳೆದು, ನಮಗೆ ಬಡಿಸಿದರು: ಮೆಕ್ಕೆಜೋಳದ ನುಚ್ಚಿನ ಬಿಸಿ ಗಂಜಿ, ಜೊತೆಗೆ ಹುರಿದ ಮೀನು. ಎರಡು ವಾರ ಬ್ರೆಡ್ಡು ತಿಂದಿದ್ದ ನಾನು ಮೂರು ಸಲ ಹಾಕಿಸಿಕೊಂಡೆ. ಆಕೆ ದಿನಕರನನ್ನು ಕೇಳಿದರು, "ಈ ಹಿರಿಯರು ಯಾವ ತಂಡದವರು?"

"ಕಾಪು" ಎಂದ ದಿನಕರ, ತನ್ನ ಊರನ್ನೇ ನನ್ನ ತಂಡ ಮಾಡಿ.

"ಕೇಳಿದ ಹೆಸರಲ್ಲ. ಒಳ್ಳೆಯ ತಂಡವೇ?"

"ಊರಲ್ಲಿ ಯಾರೂ ಸೋಲಿಸಿರಲಿಲ್ಲ."

ಕರ್ಟಿಸ್ ಕುಳ್ಳಗೆ, ಗಟ್ಟಿಮುಟ್ಟಾಗಿದ್ದ ಹುಡುಗ. ಮಾತು ಕಡಿಮೆ, ಎಲ್ಲರಿಗೂ 'ಸರ್'. ಕುರ್ಚಿಯಿಂದ ಏಳುವಾಗ ಕೈ ತಾನಾಗಿ ಎಡ ಮೊಣಕಾಲಿನ ಮೇಲೆ ಹೋಗುತ್ತಿತ್ತು. ನೋವಿಗಲ್ಲ; ಪೇಟೆಯಲ್ಲಿ ನಡೆಯುವಾಗ ಕಿಸೆ ಮುಟ್ಟಿ ನೋಡಿಕೊಳ್ಳುವವರ ಹಾಗೆ. ಅದನ್ನು ಕಂಡಾಗ ನನಗೆ ಸಣ್ಣ ಸಂಶಯ ಬಂತು. ಪರೀಕ್ಷೆಗೆ ಇನ್ನೂ ಒಂದು ದಿನ ಇತ್ತು. "ನಾಳೆ ಬೆಳಗ್ಗೆ ಇಳಿತ ಎಷ್ಟು ಹೊತ್ತಿಗೆ?" ಎಂದು ಕೇಳಿದೆ. ದಿನಕರ ಚಮಚ ಕೆಳಗಿಟ್ಟು ನನ್ನನ್ನು ನೋಡಿದ.

ಬೆಳಗ್ಗೆ ನಾವು ನಾಲ್ವರೇ. ಒದ್ದೆ ಮರಳು ಕಾಪುವಿನದಕ್ಕಿಂತ ಬಿಳಿ, ಆದರೆ ಬರಹ ಅದೇ. ಕರ್ಟಿಸನನ್ನು ಬರಿಗಾಲಿನಲ್ಲಿ, ಒಬ್ಬನೇ, ನೇರ ಓಡು ಎಂದೆ. ಓಡಿದ. ನಾನು ಪ್ಯಾಂಟು ಮಡಚಿ ಕುಕ್ಕುರುಗಾಲಿನಲ್ಲಿ ಕುಳಿತೆ. ವಾಲ್ಟರ್ ಕಿಸೆಯಿಂದ ಟೇಪು ತೆಗೆದು ಕೊಟ್ಟರು. ನಾನು ಗೇಣಿನಲ್ಲಿ ಅಳೆದೆ. ಬಲಹೆಜ್ಜೆ ಆಳ. ಎಡಹೆಜ್ಜೆ ತೆಳು, ಅರ್ಧ ಗೇಣು ಗಿಡ್ಡ, ಹಿಮ್ಮಡಿ ಇಳಿದೇ ಇಲ್ಲ. ಬಿಸಿ ನೆಲದ ಮೇಲೆ ಇಟ್ಟ ಹಾಗೆ ಇಟ್ಟಿದ್ದ.

ದಿನಕರನ ಮುಖ ಬಾಡಿತು. "ಹಾಗಾದ್ರೆ ಗಡಿಯಾರ ಹೇಳಿದ್ದೇ ಸರಿ. ಮೊಣಕಾಲು ಗುಣ ಆಗ್ಲಿಲ್ಲ."

"ಶೂ ಬಿಚ್ಚು."

"ಯಾರು? ನಾನಾ?"

"ನೀನೇ. ಅವನನ್ನು ಅಟ್ಟಿಸಿಕೊಂಡು ಹೋಗು. ಮುಟ್ಟಬೇಡ, ಮುಟ್ಟುತ್ತೀ ಅಂತ ಅವನಿಗೆ ಕಾಣಬೇಕು."

ಹಿತ್ತಾಳೆ ಸೀಟಿ ಊದಿದೆ. ಆ ಸದ್ದು ಕಿವಿಗೆ ಬಿದ್ದದ್ದೇ ಮೂವತ್ತೈದು ದಾಟಿದ ದಿನಕರನ ಹೊಟ್ಟೆ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಬಗ್ಗಿ, ಕೈ ಅಗಲಿಸಿ ನುಗ್ಗಿದ. ಕರ್ಟಿಸ್ ಮೊದಲು ನಕ್ಕ. ಆಮೇಲೆ ನಗುವುದನ್ನು ನಿಲ್ಲಿಸಿ ಎಡಕ್ಕೆ ಹಾರಿ, ಬಲಕ್ಕೆ ತಿರುಗಿ, ದಿನಕರನನ್ನು ಮರಳಿನಲ್ಲಿ ಮುಖ ಅಡಿಯಾಗಿ ಬಿಟ್ಟು ಓಡಿದ. ನಾನು ಮರಳು ನೋಡಿದೆ. ತಿರುಗಿದಲ್ಲೆಲ್ಲ ಎಡಹೆಜ್ಜೆ. ಬಲಹೆಜ್ಜೆಗಿಂತ ಒಂದು ಬೆರಳು ಹೆಚ್ಚು ಆಳ.

"ಬಾ ಇಲ್ಲಿ ದಿನಕರ. ಇದನ್ನು ಎಲ್ಲಿಯಾದರೂ ಕಂಡದ್ದು ನೆನಪುಂಟಾ?"

ಮೂಗಿನಿಂದ ಮರಳು ಒರೆಸುತ್ತಾ ಅವನು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಹದಿನೇಳು ವರ್ಷ ಹಿಂದೆ ಪಾದ ಉಳುಕಿ ಗುಣವಾದ ಮೇಲೂ ಕುಂಟುತ್ತಿದ್ದ ಒಬ್ಬ ರೈಡರನ್ನು ತಂಡದಿಂದ ಬಿಡಿ ಎಂದು ಎಲ್ಲರೂ ಹೇಳಿದಾಗ, ನಾನು ಅವನ ಹಿಂದೆ ಒಬ್ಬ ಕ್ಯಾಚರನ್ನು ಬಿಟ್ಟು ಓಡಿಸಿ, ಮರಳಿನಲ್ಲಿ ಅವನದೇ ಹೆಜ್ಜೆ ತೋರಿಸಿದ್ದೆ. ಆ ರೈಡರ್ ದಿನಕರನೇ.

"ನನ್ನದೇ ಹೆಜ್ಜೆ ಮಾಸ್ಟ್ರೇ" ಎಂದ.

ನಾನು ವಾಲ್ಟರರಿಗೆ ನನ್ನ ಇಂಗ್ಲಿಷಿನಲ್ಲೇ ತೀರ್ಪು ಕೊಟ್ಟೆ: ಕಾಲು ಗುಣವಾಗಿದೆ. ಅದು ಕಾಲಿಗೆ ಗೊತ್ತು, ಕರ್ಟಿಸನಿಗೆ ಗೊತ್ತಿಲ್ಲ. ಒಬ್ಬನೇ ಓಡುವಾಗ ಅವನಿಗೆ ಮೊಣಕಾಲಿನ ಬಗ್ಗೆ ಯೋಚಿಸಲು ಪುರುಸೊತ್ತು ಸಿಗುತ್ತದೆ.

ವಾಲ್ಟರ್ ತಲೆಯಾಡಿಸಿದರು. "ಸರಿ. ಆದರೆ ನಾಳೆ ಅವನನ್ನು ಯಾರೂ ಅಟ್ಟಿಸುವುದಿಲ್ಲ." ಅಷ್ಟರಲ್ಲಿ ಉಬ್ಬರದ ಮೊದಲ ತೆರೆ ಬಂದು ನನ್ನ ಸಾಕ್ಷ್ಯವನ್ನೆಲ್ಲ ತೊಳೆದುಕೊಂಡು ಹೋಯಿತು.

ಅಟ್ಟಿಸುವವರಿಲ್ಲದಿದ್ದರೆ ತಲೆಗೆ ಬೇರೆ ಕೆಲಸ ಕೊಡಬೇಕು. 'ಕಬಡ್ಡಿ ಕಬಡ್ಡಿ' ಎಂದು ಹೇಳುವುದು ಉಸಿರು ಹಿಡಿದದ್ದಕ್ಕೆ ರುಜುವಾತು ಎಂದು ನಿಯಮ ಪುಸ್ತಕ ಹೇಳುತ್ತದೆ. ನನ್ನ ಅನುಭವದಲ್ಲಿ ಅದರ ದೊಡ್ಡ ಉಪಕಾರ ಬೇರೆ: ಹಾಗೆ ಗುಣುಗುಟ್ಟುತ್ತಿರುವವನಿಗೆ ತನ್ನ ಮೈಕೈ ನೆನಪಾಗುವುದಿಲ್ಲ. ಕರ್ಟಿಸನಿಗೆ ಕಲಿಸಿದೆ. ನಮ್ಮ ಹುಡುಗರು ಅರ್ಧ ನಿಮಿಷ ಹೇಳುತ್ತಾರೆ, ನಿನಗೆ ಬೇಕಾದದ್ದು ಐದೇ ಸೆಕೆಂಡು ಎಂದೆ. ಮರಳಿನಲ್ಲಿ ಗೆರೆ ಎಳೆದು, ನಾನು ಯಾವಾಗಲೂ ಕಲಿಸುವ ಕ್ರಮದಲ್ಲೇ ಕಲಿಸಿದೆ. ಅವನು ಶ್ರದ್ಧೆಯಿಂದ ಹತ್ತು ಸಲ ಮಾಡಿದ. ಸಂಜೆ ಅವನ ತಾಯಿ ಫೋನು ಮಾಡಿ, ಹುಡುಗ ಪಾತ್ರೆ ತೊಳೆಯುವಾಗಲೂ ಅದನ್ನೇ ಹೇಳುತ್ತಿದ್ದಾನೆ, ಇದು ಸರಿಯೇ ಎಂದು ವಿಚಾರಿಸಿದರು.

ಮರುದಿನ ಬೆಳಗ್ಗೆ ಹತ್ತು ಗಂಟೆ

ಪರೀಕ್ಷೆ ಕಾಲೇಜಿನ ಹುಲ್ಲಿನ ಮೈದಾನದಲ್ಲಿ. ಹದಿನೈದಿಪ್ಪತ್ತು ಮಂದಿ ಗಡಿಯಾರದವರು ಬಂದಿದ್ದರು, ಹೆಚ್ಚಿನವರು ಬೇರೊಬ್ಬ ಹುಡುಗನನ್ನು ನೋಡಲು. ಕರ್ಟಿಸನ ತಾಯಿ ಬೇಲಿಯ ಆಚೆ ಬಸ್ಸು ನಿಲ್ಲಿಸಿ, ಡ್ರೈವರಿನ ಸೀಟಿನಿಂದಲೇ ನೋಡುತ್ತಿದ್ದರು. ಪ್ರತಿಯೊಬ್ಬನಿಗೂ ಎರಡು ಓಟ.

ಕರ್ಟಿಸ್ ಗೆರೆಯ ಮೇಲೆ ಬಗ್ಗಿದ. ತುಟಿ ಅಲುಗುತ್ತಿತ್ತು. ಹೊರಟ. ಹತ್ತು ಗಜಕ್ಕೆ ಗಡಿಯಾರದವರ ಬೆನ್ನು ನೆಟ್ಟಗಾಯಿತು. ಇಪ್ಪತ್ತಕ್ಕೆ ಒಬ್ಬರು ಬಾಯಿ ತೆರೆದರು. ದಿನಕರ ನನ್ನ ಮೊಣಕೈ ಹಿಡಿದ. ಮೂವತ್ತೈದಕ್ಕೆ, ಕೊನೆಯ ಗೆರೆ ಎರಡು ಹೆಜ್ಜೆ ಇರುವಾಗ, ಕರ್ಟಿಸ್ ಕುಸಿದ ಹಾಗೆ ಬಗ್ಗಿ, ಬಲಗೈ ಚಾಚಿ ಗೆರೆಯನ್ನು ಮುಟ್ಟಿ, ಗಿರಕ್ಕನೆ ತಿರುಗಿ, ಅದೇ ಉಸಿರಿನಲ್ಲಿ, ಅದೇ ವೇಗದಲ್ಲಿ, ಹೊರಟ ಜಾಗಕ್ಕೆ ವಾಪಸು ಓಡಿ ಬಂದ.

ಗಡಿಯಾರದವರ ಹೆಬ್ಬೆರಳು ಗುಂಡಿಯ ಮೇಲೆಯೇ ಉಳಿಯಿತು.

"ಸರಿಯಾಯಿತೇ ಸರ್?" ಎಂದು ನನ್ನನ್ನು ಕೇಳಿದ. ಮುಖದಲ್ಲಿ ಬೆಳದಿಂಗಳು.

ದಿನಕರ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. "ಮಾಸ್ಟ್ರೇ! ಎಂತ ಕಲಿಸಿದ್ರಿ ಮಾರಾಯ್ರೇ? ಹಿಂದೆ ಬಾ ಅಂತ ಹೇಳಿದ್ರಾ?"

"ಹೇಳದೆ? ಗೆರೆ ಮುಟ್ಟಿ ಹಿಂದೆ ಬಾರದಿದ್ರೆ ಔಟ್ ಅಲ್ವಾ?"

"ಇಲ್ಲಿ ಯಾರು ಔಟ್ ಮಾಡ್ತಾರೆ! ಇದು ಓಟ! ನನ್ನ ಕರ್ಮ! ನನಗೂ ನಿನ್ನೆ ಹೊಳೀಲಿಲ್ಲ ನೋಡಿ, ನನಗೂ ಅದು ಸರಿ ಅಂತ್ಲೇ ಕಂಡದ್ದು!"

ಮೂವತ್ತೊಂದು ವರ್ಷ ಒಂದೇ ಪಾಠ ಹೇಳಿದವನಿಗೂ ಅದನ್ನು ಕಲಿತವನಿಗೂ, ಹೋದವನು ಹಿಂದೆ ಬಾರದೆ ಇರಬಹುದು ಎಂಬ ವಿಚಾರ ತಲೆಗೆ ಬಂದಿರಲೇ ಇಲ್ಲ. ಗಡಿಯಾರದವರು ನಕ್ಕು ನಕ್ಕು ಪುಸ್ತಕ ಮುಚ್ಚಿದರು. ಒಬ್ಬರು ಬಂದು, ಹುಡುಗ ಹೇಳುತ್ತಿದ್ದದ್ದು ಯಾವ ದೇವರ ಪ್ರಾರ್ಥನೆ ಎಂದು ವಿಚಾರಿಸಿದರು.

ನಗದೆ ಇದ್ದವರು ವಾಲ್ಟರ್ ಒಬ್ಬರೇ. ಅವರು ಬೀಜ ಜಗಿಯುವುದನ್ನು ನಿಲ್ಲಿಸಿದ್ದರು. ನಿಧಾನವಾಗಿ ಆ ತುದಿಗೆ ನಡೆದು ಹೋಗಿ, ಕೀಲುಗಳ ಸದ್ದು ನಮಗೆ ಕೇಳುವ ಹಾಗೆ ಕುಕ್ಕುರುಗಾಲಿನಲ್ಲಿ ಕುಳಿತು, ನೆಲ ನೋಡಿದರು. ನಮ್ಮನ್ನು ಕೈಸನ್ನೆಯಿಂದ ಕರೆದರು.

ಗೆರೆಯ ಹತ್ತಿರ ಹುಲ್ಲು ಬೇರು ಸಮೇತ ಕಿತ್ತು ಬಂದು ಅಂಗೈಯಗಲ ಕಪ್ಪು ಮಣ್ಣು ಕಾಣುತ್ತಿತ್ತು. ಪೂರ್ಣ ವೇಗದಲ್ಲಿ ಬಂದ ಇಡೀ ದೇಹವನ್ನು ಒಂದೇ ಕಾಲಿನ ಮೇಲೆ ನಿಲ್ಲಿಸಿ ತಿರುಗಿಸಿದ ಜಾಗ ಅದು.

"ಯಾವ ಕಾಲು?" ಎಂದರು ವಾಲ್ಟರ್.

ದಿನಕರ ಮಣ್ಣಿನ ಮೇಲೆ ಕೈಯಿಟ್ಟು ಶೂವಿನ ಗುರುತು ನೋಡಿದ. "ಎಡದ್ದು."

"ನಿಮ್ಮ ಪರೀಕ್ಷೆಗಳಲ್ಲಿ ಇದಕ್ಕಿಂತ ದೊಡ್ಡದು ಯಾವುದಾದರೂ ಇದೆಯೇ?"

"ಇಲ್ಲ" ಎಂದ ದಿನಕರ. ಎರಡು ವಾರದಲ್ಲಿ ಮೊದಲ ಸಲ ಅವನ ದನಿ ನೆಟ್ಟಗಿತ್ತು.

ವಾಲ್ಟರ್ ಎದ್ದು, ಬೇರೆ ತಂಡದವರು ಯಾರೂ ಈ ಕಡೆ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಕಿತ್ತುಬಂದ ಹುಲ್ಲುಗಡ್ಡೆಯನ್ನು ಜಾಗಕ್ಕೆ ತಳ್ಳಿ ಶೂವಿನಿಂದ ಎರಡು ಸಲ ಮೆಟ್ಟಿದರು. ಅಷ್ಟು ಮುತುವರ್ಜಿಯಿಂದ ಹುಲ್ಲು ನೆಟ್ಟವರನ್ನು ನಾನು ಕೃಷಿ ಇಲಾಖೆಯಲ್ಲೂ ಕಂಡಿಲ್ಲ.

ಎರಡನೆಯ ಓಟಕ್ಕೆ ಮೊದಲು ನಾನು ಕರ್ಟಿಸನ ಭುಜ ಹಿಡಿದು ವೃತ್ತಿಜೀವನದಲ್ಲಿ ಎಂದೂ ಆಡದ ಮಾತು ಆಡಿದೆ: "ಈ ಸಲ ಹಿಂದೆ ಬರಬೇಡ." ಅವನು ಗಂಭೀರವಾಗಿ ಕೇಳಿದ, "ಎಲ್ಲಿಯವರೆಗೆ ಹೋಗಲಿ ಸರ್?" ಬೇಲಿಯ ಆಚೆಯ ಹಳದಿ ಬಸ್ಸು ತೋರಿಸಿದೆ.

ಅವನು ಹೋದ. ಕಬಡ್ಡಿ ಕಬಡ್ಡಿ ಎಂದು ಗುಣುಗುಟ್ಟುತ್ತಾ, ಎರಡೂ ಹಿಮ್ಮಡಿಗಳಿಂದ ಸಮನಾಗಿ ಮಣ್ಣು ಹಾರಿಸುತ್ತಾ, ನಲವತ್ತು ಗಜದ ಗೆರೆಯನ್ನು ಲೆಕ್ಕಿಸದೆ ದಾಟಿ, ಬೇಲಿ ಮುಟ್ಟಿ ನಿಂತ. ಪುಸ್ತಕ ಮುಚ್ಚಿದ್ದವರು ಗಡಿಯಾರ ಒತ್ತಿದ್ದರು, ಪುಣ್ಯಕ್ಕೆ. ನೋಡಿದರು, ಪಕ್ಕದವರದನ್ನೂ ನೋಡಿದರು, ಒಬ್ಬರು ತಮ್ಮದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಎಲ್ಲರದ್ದೂ ನಾಲ್ಕೂವರೆ ಸೆಕೆಂಡಿಗಿಂತ ಕಡಿಮೆ ತೋರಿಸುತ್ತಿತ್ತು. ಬಸ್ಸಿನ ಹಾರನ್ನು ಉದ್ದಕ್ಕೆ ಕೂಗಿತು. ನಿಲ್ಲಿಸಲು ಕರ್ಟಿಸನೇ ಹೋಗಿ ತಾಯಿಗೆ ಹೇಳಬೇಕಾಯಿತು.

ದಿನಕರ ಕಾರಿನ ಬಾನೆಟ್ಟಿನ ಮೇಲೆ ಕಾಗದವನ್ನಿಟ್ಟು 'ತಡೆದೀತು' ಎಂದು ಗುರುತು ಹಾಕಿ ಸಹಿ ಮಾಡಿದ. ಸಹಿ ಮಾಡುವಾಗ ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದಕ್ಕೆ ನನಗೆ ಬಹಳ ಸಂತೋಷವಾಯಿತು.

ಹೊರಡುವಾಗ ವಾಲ್ಟರ್ ತಮ್ಮ ಟೇಪನ್ನು ನನಗೆ ಕಾಣಿಕೆ ಕೊಟ್ಟರು. ನಾನು ಹಿತ್ತಾಳೆ ಸೀಟಿಯನ್ನು ಕೊಟ್ಟೆ. ನಷ್ಟ ನನ್ನದೇ ಎಂದು ಈಗಲೂ ಅನಿಸುತ್ತದೆ.

ಕಾಪು

ಡ್ರಾಫ್ಟಿನ ಹೊತ್ತಿಗೆ ನಾನು ಊರು ಸೇರಿಯಾಗಿತ್ತು. ಪಂಪು ಹಾಗೆಯೇ ಇತ್ತು. ದಿನಕರ ಪ್ರತಿ ಸೋಮವಾರ ಬೆಳಗ್ಗೆ ತಾಯಿಗೆ ಫೋನು ಮಾಡುವವನಾದ್ದರಿಂದ, ನಾನು ಮೊದಲ ಬಸ್ಸಿಗೆ ಹೊರಟು ಅವರ ಮನೆಯ ಜಗಲಿಯಲ್ಲಿ ಕುಳಿತೆ. ಲುಂಗಿಯನ್ನು ಒಪ್ಪಿಸಿದೆ.

"ಚಟ್ನಿ ರುಚಿ ಆಗಿತ್ತಾ ಮಾಸ್ಟ್ರೇ?" ಎಂದು ಕೇಳಿದರು ದಿನಕರನ ತಾಯಿ.

"ಅಲ್ಲಿ ಇಳಿದ ಕೂಡಲೇ ಖಾಲಿಯಾಯ್ತು" ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಏಳೂವರೆಗೆ ಫೋನು ಬಂತು. ತಾಯಿ ಎತ್ತಿ, ಒಂದು ಮಾತು ಕೇಳಿ, ನನ್ನ ಕೈಗೆ ಕೊಟ್ಟರು. ಆ ಕಡೆಯಿಂದ ನಮಸ್ಕಾರವೂ ಇಲ್ಲ, ಕುಶಲವೂ ಇಲ್ಲ. ದಿನಕರ ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎಂದು ಹೇಳುತ್ತಲೇ ಇದ್ದ, ಉಸಿರು ಮುಗಿಯುವವರೆಗೆ. ಹಿಂದಿನಿಂದ ನನ್ನ ಹಿತ್ತಾಳೆ ಸೀಟಿ ಕೇಳಿಸುತ್ತಿತ್ತು.

ಕರ್ಟಿಸನನ್ನು ಆರನೆಯ ಸುತ್ತಿನಲ್ಲಿ ವಾಲ್ಟರರ ತಂಡ ಆರಿಸಿಕೊಂಡಿತು. ಆ ವರ್ಷ ಅವನು ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ.